ಕಲಬುರಗಿಯ ಮನೆಯಂಗಳದಲ್ಲಿ ಒಂದು ಹಳೆಯ ಸ್ಯಾಂಟ್ರೋ: ಹೊರಬಣ್ಣ ಮತ್ತು ಒಳಾಂಗಣದ ಪ್ರಕರಣ ಅಧ್ಯಯನ

2005ರಲ್ಲಿ ನೋಂದಣಿಯಾದ ಬೆಳ್ಳಿ ಬಣ್ಣದ ಹ್ಯುಂಡೈ ಸ್ಯಾಂಟ್ರೋ ಜಿಂಗ್ ಕಾರೊಂದನ್ನು ಕಲಬುರಗಿಯ ಒಂದು ಮನೆಯಲ್ಲಿಯೇ ಬಿಚ್ಚಿ, ಜಂಗು ತೆಗೆದು, ಬಣ್ಣದ ಕೆಳಗಿನ ಅಸ್ತರ (ಪ್ರೈಮರ್) ಹೊಡೆದು, ಒಳಾಂಗಣವನ್ನು ಹೊಸದಾಗಿ ಕಟ್ಟಿದ ಕೆಲಸದ ದಾಖಲೆ ಇದು. ಕಾರಿನ ಮಾಲೀಕರು ನಿವೃತ್ತ ಶಿಕ್ಷಕರು. ಬಣ್ಣದ ಕೆಲಸ ಬಲ್ಲವನೆಂಬ ಕಾರಣಕ್ಕೆ ಅವರು ನನ್ನನ್ನು ಕರೆದರು, ನಾನು ಕೊನೆಯವರೆಗೂ ಜೊತೆಗಿದ್ದೆ. ಎಂಜಿನ್ ಮತ್ತು ಗೇರು ಗಟ್ಟಿಯಾಗಿದ್ದವು. ನೋಂದಣಿಯ ಹದಿನೈದು ವರ್ಷದ ಅವಧಿ ಮುಗಿದು ಒಮ್ಮೆ ಐದು ವರ್ಷಕ್ಕೆ ನವೀಕರಣವಾಗಿತ್ತು, ಎರಡನೆಯ ನವೀಕರಣ 2025ರಲ್ಲಿ ಬರಲಿತ್ತು, ಅದಕ್ಕೆ ಮೊದಲಿನ ಚಳಿಗಾಲದಲ್ಲಿ ಈ ಕೆಲಸ ನಡೆಯಿತು.

ಮೊದಲ ನೋಟಕ್ಕೆ ಕಂಡ ದೋಷ ಬಾನೆಟ್ ಮತ್ತು ಮೇಲ್ಛಾವಣಿಯದು. ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ದೊಡ್ಡ ದೊಡ್ಡ ತೇಪೆಗಳಾಗಿ ಸಿಪ್ಪೆ ಎದ್ದು, ಅದರ ಕೆಳಗಿನ ಬೆಳ್ಳಿ ಬಣ್ಣ ಬೂದಿಯಂತೆ ಮಂಕಾಗಿತ್ತು. ಬಾಗಿಲುಗಳ ಮೇಲೆ, ಅದೂ ಕಿಟಕಿಗಳ ಅಡಿಯ ಸೊಂಟದ ಗೆರೆಗಿಂತ ಕೆಳಗೆ, ಅದೇ ಬಣ್ಣ ಇಂದಿಗೂ ಹೊಳೆಯುತ್ತಿತ್ತು. ಹಾನಿಗೆ ಕಾರಣ ಬಿಸಿಲೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕ್ಲಿಯರ್ ಕೋಟಿನಲ್ಲಿ ಅತಿನೇರಳೆ ಕಿರಣಗಳನ್ನು ಹೀರುವ ರಾಸಾಯನಿಕಗಳಿರುತ್ತವೆ. ವರ್ಷಗಳು ಕಳೆದಂತೆ ಅವು ಸವೆದುಹೋಗುತ್ತವೆ, ಕಿರಣ ಕೆಳಗಿನ ಬಣ್ಣದ ಪದರವನ್ನು, ಅಂದರೆ ಬೇಸ್ ಕೋಟನ್ನು, ಮುಟ್ಟುತ್ತದೆ, ಎರಡು ಪದರಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯವಾಗಿರುವ ಊರಿನಲ್ಲಿ, ವರಾಂಡದ ಹೊರಗೆ ಇಪ್ಪತ್ತು ವರ್ಷ ನಿಂತ ಕಾರಿಗೆ ಇದು ಅನಿರೀಕ್ಷಿತವೇನಲ್ಲ. ಸಿಪ್ಪೆ ಎದ್ದ ಜಾಗದ ಮೇಲೆ ಹೊಸ ಕ್ಲಿಯರ್ ಹೊಡೆದರೆ ಸಾಕೆಂದು ಅಂಗಡಿಯವರು ಹೇಳಿದ್ದರಂತೆ. ಅದು ಸಾಲದು, ಏಕೆಂದರೆ ಕೆಳಗಿನ ಬೇಸ್ ಕೋಟ್ ಸತ್ತುಹೋಗಿದೆ, ಸತ್ತ ಪದರಕ್ಕೆ ಅಂಟಿದ್ದು ಅದರ ಜೊತೆಗೇ ಏಳುತ್ತದೆ.

ಮಾಲೀಕರಿಗೆ ಕಾರನ್ನು ಗಾಢ ನೀಲಿಗೆ ಬದಲಾಯಿಸುವ ಆಸೆಯಿತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿ ನಮೂದಾದ ವಿವರಕ್ಕೆ ವಾಹನ ವ್ಯತ್ಯಾಸವಾಗುವಂತೆ ಮಾರ್ಪಾಡು ಮಾಡುವಂತಿಲ್ಲ. ಬಣ್ಣವೂ ಆ ಪತ್ರದಲ್ಲಿರುವುದರಿಂದ ಬದಲಾಯಿಸುವ ಮೊದಲು ಸಾರಿಗೆ ಕಚೇರಿಯ ಅನುಮತಿ ಬೇಕು, ನಂತರ ಪತ್ರವನ್ನು ತಿದ್ದಿಸಬೇಕು. ನವೀಕರಣದ ತಪಾಸಣೆ ಎದುರಿಗಿರುವಾಗ ಈ ದಾರಿ ಹಿಡಿಯುವುದು ಬೇಡವೆಂದೆ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಬಣ್ಣ ಬದಲಾದರೆ ಬಾಗಿಲಿನ ಚೌಕಟ್ಟು, ಎಂಜಿನ್ ಕೋಣೆ, ಡಿಕ್ಕಿಯ ಒಳಮೈ ಎಲ್ಲಕ್ಕೂ ಬಣ್ಣ ಬಳಿಯಬೇಕಾಗುತ್ತದೆ. ಹಾಗೆ ಮಾಡದ ಕಾರಿನ ಬಾಗಿಲು ತೆರೆದಾಗಲೆಲ್ಲ ಹಳೆಯ ಬಣ್ಣ ಇಣುಕುತ್ತದೆ. ಬೆಳ್ಳಿ ಬೆಳ್ಳಿಯಾಗಿಯೇ ಉಳಿಯಿತು.

ಕಂಬಳಿಯ ಕೆಳಗೆ ಸಿಕ್ಕಿದ್ದು

ನಾನು ಮೊದಲು ಬಿಚ್ಚಿಸಿದ್ದು ಒಳಾಂಗಣವನ್ನು. ಹೊರಬಣ್ಣಕ್ಕೆ ಕೈ ಹಾಕುವ ಮುನ್ನ ನೆಲದ ತಗಡು ನೋಡದವನು ಆ ಕಾರಿನ ಸ್ಥಿತಿಯನ್ನು ಅರಿತವನಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬ್ಯಾಟರಿಯ ತಂತಿ ತೆಗೆದು, ಸೀಟುಗಳ ಬೋಲ್ಟು ಬಿಚ್ಚಿ, ನೆಲದ ಕಂಬಳಿಯನ್ನು (ಕಾರ್ಪೆಟ್) ಎತ್ತಿದಾಗ ಮುಂದಿನ ಎಡಬದಿಯ ಕಾಲಿನ ಜಾಗದಲ್ಲಿ ಸೆಣಬಿನ ಅಡಿಹಾಸು ಇನ್ನೂ ಒದ್ದೆಯಾಗಿತ್ತು. ಅದರ ಕೆಳಗೆ ತಗಡು ಅಂಗೈಯಗಲ ಕೊಳೆತು, ಸ್ಕ್ರೂಡ್ರೈವರ್ ತುದಿ ಒತ್ತಿದರೆ ಕೆಳಗಿನ ನೆಲ ಕಾಣುತ್ತಿತ್ತು.

ಮಳೆ ನಿಂತು ತಿಂಗಳುಗಳಾಗಿದ್ದವು, ಆದ್ದರಿಂದ ಆ ನೀರು ಮಳೆಯದಲ್ಲ. ಎಡಭಾಗದಲ್ಲಿ ಹವಾನಿಯಂತ್ರಣದ ತಂಪು ಸುರುಳಿ ಇರುತ್ತದೆ, ಅದರ ಮೇಲೆ ಸಾಂದ್ರಗೊಂಡ ನೀರು ಸಣ್ಣ ರಬ್ಬರ್ ಕೊಳವೆಯ ಮೂಲಕ ಕೆಳಗೆ ಸುರಿದುಹೋಗಬೇಕು. ಆ ಕೊಳವೆಯಲ್ಲಿ ಧೂಳು ಹೆಪ್ಪುಗಟ್ಟಿ ಗಟ್ಟಿ ಬೆಣೆಯಾಗಿತ್ತು. ನೀರು ಹೊರಹೋಗದೆ ಕಂಬಳಿಯ ಕೆಳಗೆ ಇಳಿದಿತ್ತು, ಬಿಸಿಲು ಹೆಚ್ಚಿದಂತೆ ಎಸಿಯೂ ಹೆಚ್ಚು ಓಡಿ ಇನ್ನಷ್ಟು ನೀರು ಇಳಿದಿತ್ತು. ಮಳೆ ಕಡಿಮೆಯಿರುವ ಊರಿನ ಕಾರಿಗೆ ಜಂಗು ಹತ್ತುವುದಿಲ್ಲವೆಂಬ ನಂಬಿಕೆ ನಮ್ಮ ಭಾಗದಲ್ಲಿ ಬಲವಾಗಿದೆ. ಈ ಕಾರಿನ ಅತಿ ದೊಡ್ಡ ರಂಧ್ರ ಆದದ್ದು ಬೇಸಿಗೆಯಲ್ಲಿ.

ಹೊರಗಿನ ಜಂಗಿನ ಕತೆಯೂ ಊರಿನ ಮಣ್ಣಿಗೆ ಸೇರಿದ್ದು. ಚಕ್ರದ ಮೇಲಿನ ಕಮಾನಿನ ಒಳ ಅಂಚಿನಲ್ಲಿ, ಮಡಿಚಿದ ತಗಡಿನ ಹಿಂದೆ, ಎರೆಮಣ್ಣು ಬಿಗಿಯಾಗಿ ಕೂತಿತ್ತು. ಹೊಲದ ರಸ್ತೆಗಳಲ್ಲಿ ಓಡಿದ ಕಾರಿಗೆ ಮಳೆಗಾಲದಲ್ಲಿ ಹತ್ತಿದ ಈ ಮಣ್ಣು ನೀರನ್ನು ಹೀರಿ ಉಬ್ಬುತ್ತದೆ, ವಾರಗಟ್ಟಲೆ ಬಿಟ್ಟುಕೊಡುವುದಿಲ್ಲ. ಹೊರಮೈ ಒಣಗಿದಂತೆ ಕಂಡರೂ ಅಂಚಿನೊಳಗೆ ತೇವ ಉಳಿದಿರುತ್ತದೆ. ಹಿಂದಿನ ಎಡ ಚಕ್ರದ ಕಮಾನು ಎಲ್ಲಕ್ಕಿಂತ ಕೆಟ್ಟಿತ್ತು.

ನೆಲದ ರಂಧ್ರಕ್ಕೆ ಫೈಬರ್ ಬಟ್ಟೆ ಅಂಟಿಸಿ ಮುಚ್ಚುವ ಪ್ರಸ್ತಾಪ ಬಂದಿತು. ಸೀಟಿನ ಬೋಲ್ಟುಗಳ ಭಾರ ಹೊರುವ ನೆಲಕ್ಕೆ ಅದು ಸಲ್ಲದು. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ತಗಡನ್ನು ವೆಲ್ಡರ್‌ ಒಬ್ಬರಿಂದ ಬೆಸೆಸಿ, ಜೋಡಣೆಯ ಮೇಲೆ ಎರಡೂ ಬದಿ ಎಪಾಕ್ಸಿ ಪ್ರೈಮರ್ ಮತ್ತು ಸಂದು ಮುಚ್ಚುವ ಪಾಲಿಯುರೆಥೇನ್ ಸೀಲರ್ ಕೊಡಲಾಯಿತು. ಹಗುರವಾದ ಜಂಗು ಇದ್ದಲ್ಲಿ ತಂತಿ ಬ್ರಷ್‌ನಿಂದ ಉಜ್ಜಿ ಫಾಸ್ಫಾರಿಕ್ ಆಮ್ಲದ ಜಂಗುನಾಶಕ ಹಚ್ಚಿದೆವು. ಶಹಾಬಾದ್ ಫರಸಿಯ ಅಂಗಳವಿರುವವರು ಇಲ್ಲಿ ಎಚ್ಚರ ವಹಿಸಬೇಕು: ಅದು ಸುಣ್ಣದ ಕಲ್ಲು, ಆಮ್ಲದ ಹನಿ ಬಿದ್ದಲ್ಲಿ ನೊರೆ ಬಂದು ಕಲ್ಲಿನ ಮೈ ಸವೆದು ಬಿಳಿ ಕಲೆ ಉಳಿಯುತ್ತದೆ, ಆ ಕಲೆ ತೊಳೆದರೆ ಹೋಗುವುದಿಲ್ಲ. ಕಾರಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಹಳೆಯ ಗೋಣಿಚೀಲ ಹರಡಿಯೇ ಈ ಕೆಲಸ ಮಾಡಿಸಿದೆ.

ಹಳೆಯ ಪದರದಲ್ಲಿ ಎಷ್ಟನ್ನು ಉಳಿಸಬೇಕು

ಇಡೀ ಕಾರನ್ನು ಬರಿಯ ತಗಡಿನವರೆಗೆ ಕೆರೆಯಬೇಕೆಂಬುದು ಮಾಲೀಕರ ಹಟವಾಗಿತ್ತು. ಶ್ರದ್ಧೆಯಿಂದ ಹುಟ್ಟಿದ ಹಟವಾದರೂ ಅದನ್ನು ನಾನು ಒಪ್ಪಲಿಲ್ಲ. ಕಾರ್ಖಾನೆಯಲ್ಲಿ ಕಾರಿನ ಇಡೀ ಕವಚವನ್ನು ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಸಂದುಗೊಂದುಗಳಲ್ಲೂ ಒಂದೇ ಸಮ ಕೂರುವಂತೆ ಕೊಡುವ ತಳಪದರವೊಂದಿದೆ. ತಗಡಿಗೂ ಜಂಗಿಗೂ ನಡುವೆ ನಿಂತ ಆ ಪದರವನ್ನು ಯಾವ ಮನೆಯೂ, ಯಾವ ಗ್ಯಾರೇಜೂ ಮರಳಿ ಕೊಡಲಾರದು. ಅದು ಗಟ್ಟಿಯಾಗಿರುವಲ್ಲಿ ಕೆರೆದು ತೆಗೆಯುವುದೆಂದರೆ ಕಾರಿನ ಆಯುಷ್ಯವನ್ನೇ ಕೆರೆದಂತೆ. ಬಾನೆಟ್ ಮತ್ತು ಮೇಲ್ಛಾವಣಿಯಲ್ಲಿ ಸತ್ತ ಕ್ಲಿಯರ್ ಮತ್ತು ಬೇಸ್ ಕೋಟನ್ನು ಪೂರ್ತಿ ತೆಗೆದು ತಳಪದರ ಕಂಡೊಡನೆ ನಿಲ್ಲಿಸಿದೆವು. ಬಾಗಿಲುಗಳಲ್ಲಿ ಹಳೆಯ ಬಣ್ಣ ಗಟ್ಟಿಯಾಗಿದ್ದುದರಿಂದ ಅದರ ಹೊಳಪನ್ನು ಮಾತ್ರ ಮುರಿದೆವು.

ಉಜ್ಜುವ ಕೆಲಸಕ್ಕೆ ಅತಿ ಹೆಚ್ಚು ಸಮಯ ಹಿಡಿಯಿತು, ಹಿಡಿಯಬೇಕಾದದ್ದೂ ಅದಕ್ಕೇ. ಉಜ್ಜುವ ಕಾಗದದ ಸಂಖ್ಯೆ ಹೆಚ್ಚಿದಷ್ಟೂ ಅದರ ತರಿ ನುಣುಪು: ಸಿಪ್ಪೆ ಎದ್ದಲ್ಲಿ 80ರ ಕಾಗದ, ಅಂಚನ್ನು ಇಳಿಜಾರಾಗಿಸಲು 180, ಪ್ರೈಮರ್ ಹಿಡಿಯುವ ಮುನ್ನ 320 ಬಳಸಿದೆವು. ಬೆರಳ ತುದಿಗಳನ್ನು ಒತ್ತಿ ಉಜ್ಜಿದರೆ ತಗಡಿನ ಮೇಲೆ ಬೆರಳಿನ ಅಗಲದ ಗೀರು ಗುಂಡಿಗಳು ಮೂಡುತ್ತವೆ, ಹೊಳೆಯುವ ಬಣ್ಣ ಬಿದ್ದ ಮೇಲೆ ಅವು ಎದ್ದು ಕಾಣುತ್ತವೆ. ಅದಕ್ಕಾಗಿ ಸಮತಟ್ಟಾದ ಜಾಗಕ್ಕೆ ಮರದ ತುಂಡು, ಬಾಗಿದ ಜಾಗಕ್ಕೆ ರಬ್ಬರ್ ತುಂಡು ಇಟ್ಟುಕೊಂಡೆವು. ಸಣ್ಣ ತಗ್ಗುಗಳಿಗೆ ಹಾಕಿದ ಲಪ್ಪಂ (ಪುಟ್ಟಿ) ಪಾಲಿಯೆಸ್ಟರ್ ಜಾತಿಯದು. ಅದು ನೀರನ್ನು ಹೀರುತ್ತದೆ, ಆದ್ದರಿಂದ ಅದನ್ನು ಒಣಗಾಗಿಯೇ ಉಜ್ಜಬೇಕು. ನಮ್ಮ ಕಡೆ ಲಪ್ಪಂ ಮೇಲೆ ನೀರು ಸುರಿದು ಉಜ್ಜುವ ರೂಢಿ ಇಂದಿಗೂ ಇದೆ. ಧೂಳು ಏಳುವುದಿಲ್ಲ, ಕೆಲಸ ಬೇಗ ಸಾಗುತ್ತದೆ ಎಂಬುದು ನಿಜ, ಆದರೆ ಒಳಗೆ ಉಳಿದ ನೀರು ಎರಡು ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಗುಳ್ಳೆಯಾಗಿ ಹೊರಬರುತ್ತದೆ. ಒಣ ಉಜ್ಜಾಟದ ಧೂಳಿಗೆ ಒಳ್ಳೆಯ ಮುಖಗವಸು ಧರಿಸಿದರೆ ಸಾಕು.

ನೀರಿನ ಬಗ್ಗೆ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಕಲಬುರಗಿಯ ಬಹಳಷ್ಟು ಕೊಳವೆಬಾವಿಗಳ ನೀರು ಗಡಸು. ಪ್ರೈಮರ್ ಉಜ್ಜಿದ ಮೇಲೆ ಆ ನೀರಿನಿಂದ ತೊಳೆದು ಬಿಸಿಲಿಗೆ ಒಣಗಲು ಬಿಟ್ಟರೆ ಲವಣದ ತೆಳು ಪೊರೆ ಮೈಮೇಲೆ ಉಳಿಯುತ್ತದೆ. ಅದರ ಮೇಲೆ ಬಣ್ಣ ಬಿದ್ದರೆ ಆ ಲವಣ ಹೊರಗಿನ ತೇವವನ್ನು ಬಣ್ಣದ ಪದರದ ಮೂಲಕ ಎಳೆದುಕೊಂಡು ಸಾಸಿವೆ ಗಾತ್ರದ ಗುಳ್ಳೆಗಳನ್ನು ಎಬ್ಬಿಸುತ್ತದೆ. ಬಣ್ಣದ ಗುಣಮಟ್ಟವನ್ನು ದೂರುವ ಬಹಳಷ್ಟು ಮಂದಿಯ ದೂರು ನಿಜಕ್ಕೂ ಇಂಥ ನೀರಿನ ಮೇಲಿರಬೇಕು. ಕೊನೆಯ ತೊಳೆತಕ್ಕೆ ಮನೆಯ ಆರ್‌ಓ ಯಂತ್ರದ ನೀರನ್ನು ಸಂಗ್ರಹಿಸಿ ಬಳಸಿದೆವು, ಬಟ್ಟೆಯಿಂದ ಕೂಡಲೇ ಒರೆಸಿದೆವು.

ಡ್ಯಾಶ್‌ಬೋರ್ಡ್ ಹೊಳಪಿನ ಕಾಟ

ಎಪಾಕ್ಸಿ ಪ್ರೈಮರ್‌ನ ಮೊದಲ ಪದರ ಮುಂದಿನ ಎಡ ಬಾಗಿಲಿನ ಮೇಲೆ ಬಿದ್ದೊಡನೆ ಅಲ್ಲಲ್ಲಿ ದುಂಡಗೆ ಹಿಂದೆ ಸರಿದು, ನಡುವೆ ಹಳೆಯ ಮೈ ಕಾಣುವ ಸಣ್ಣ ಕಣ್ಣುಗಳಾದವು. ಬೇರೆ ಬಾಗಿಲುಗಳಲ್ಲಿ ಹೀಗಾಗಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಡ್ಯಾಶ್‌ಬೋರ್ಡ್‌ಗೆ ಹಚ್ಚುವ ಹೊಳಪಿನ ದ್ರವ. ವರ್ಷಗಳಿಂದ ಬಳಸುತ್ತಿದ್ದ ಆ ದ್ರವದಲ್ಲಿ ಸಿಲಿಕೋನ್ ಎಣ್ಣೆ ಇತ್ತು. ಬಿಚ್ಚಿದ ಡ್ಯಾಶ್‌ಬೋರ್ಡ್ ಭಾಗಗಳನ್ನು ಮನೆಯವರು ಆ ಬಾಗಿಲಿಗೆ ಒರಗಿಸಿ ಇಟ್ಟಿದ್ದರು, ಅದನ್ನು ಒರೆಸಿದ ಬಟ್ಟೆಯಿಂದಲೇ ಬಾಗಿಲನ್ನೂ ಒರೆಸಿದ್ದರು. ಸಿಲಿಕೋನ್ ಇದ್ದ ಮೈಮೇಲೆ ದ್ರವ ಬಣ್ಣ ಹರಡಿ ನಿಲ್ಲಲಾರದು. ಅದು ಕಣ್ಣಿಗೆ ಕಾಣದು, ಉಜ್ಜಿದರೆ ಹೋಗದು, ಉಜ್ಜುವ ಕಾಗದ ಅದನ್ನು ಇನ್ನಷ್ಟು ಅಗಲಕ್ಕೆ ಹರಡುತ್ತದೆ.

ಪ್ರೈಮರ್ ಹಸಿಯಿರುವಾಗಲೇ ಆ ಬಾಗಿಲನ್ನು ಥಿನ್ನರ್‌ನಿಂದ ಒರೆಸಿ ತೆಗೆದು, ಜಿಡ್ಡುನಾಶಕ ದ್ರವವನ್ನು ಒಂದು ಬಟ್ಟೆಯಿಂದ ಹಚ್ಚಿ ಒಣಗುವ ಮುನ್ನ ಮತ್ತೊಂದು ಶುದ್ಧ ಬಟ್ಟೆಯಿಂದ ಎತ್ತಿ, ಹೀಗೆ ಹಲವು ಸಲ ಮಾಡಿದ ಮೇಲೆಯೇ ಪ್ರೈಮರ್ ನಿಂತಿತು. ಒಳಾಂಗಣದ ಭಾಗಗಳನ್ನೆಲ್ಲ ಆ ಸಂಜೆಯೇ ಮಹಡಿಯ ಕೋಣೆಗೆ ಸಾಗಿಸಿದೆವು. ಒಳಾಂಗಣ ಮತ್ತು ಹೊರಬಣ್ಣ ಎರಡನ್ನೂ ಒಂದೇ ಮನೆಯಲ್ಲಿ ಒಟ್ಟಿಗೆ ಹಮ್ಮಿಕೊಳ್ಳುವವರು ಬಿಚ್ಚುವುದು ಮೊದಲು, ತೊಳೆದು ದೂರ ಒಯ್ಯುವುದು ನಂತರ, ಉಜ್ಜುವುದು ಆಮೇಲೆ ಎಂಬ ಕ್ರಮವನ್ನು ಬಿಡಬಾರದು.

ಅಂಗಳ ಎಲ್ಲಿಗೆ ಸಾಕು, ಎಲ್ಲಿಗೆ ಸಾಲದು

ಕಾಲವನ್ನು ನಾವು ಬೇಕೆಂದೇ ಆರಿಸಿದ್ದೆವು. ಬೇಸಿಗೆಯಲ್ಲಿ ಬಣ್ಣದ ಹನಿ ಸ್ಪ್ರೇ ಗನ್ನಿನಿಂದ ತಗಡು ತಲುಪುವಷ್ಟರಲ್ಲಿ ಅರ್ಧ ಒಣಗಿ ಮೈ ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾಗುತ್ತದೆ, ಗಟ್ಟಿಗೊಳಿಸುವ ದ್ರವ (ಹಾರ್ಡ್ನರ್) ಬೆರೆಸಿದ ಬಣ್ಣ ಡಬ್ಬಿಯಲ್ಲೇ ಬೇಗ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ತೇವದ ತೊಂದರೆ. ಉಳಿಯುವುದು ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಕಾಲ. ಅದರಲ್ಲೂ ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ ನಡೆಯುವಾಗ ಊರಂಚಿನ ಬಡಾವಣೆಗಳಿಗೆ ಹೊಟ್ಟಿನ ಧೂಳು ಗಾಳಿಯಲ್ಲಿ ಬರುತ್ತದೆ. ನಾವು ಪ್ರೈಮರ್ ಹೊಡೆದದ್ದು ಬೆಳಿಗ್ಗೆ, ಇಬ್ಬನಿ ಪೂರ್ತಿ ಆರಿ ತಗಡು ಬೆಚ್ಚಗಾದ ಮೇಲೆ, ಗಾಳಿ ಏಳುವ ಮುನ್ನ. ಸಂಜೆ ಹೊಡೆದರೆ ರಾತ್ರಿಯ ತಂಪಿಗೆ ತಗಡು ಗಾಳಿಗಿಂತ ಬೇಗ ತಣ್ಣಗಾಗಿ ಹಸಿ ಪದರದ ಮೇಲೆ ಇಬ್ಬನಿ ಕೂರುತ್ತದೆ.

ಈ ಹಂತದವರೆಗೆ ಮನೆಯ ಅಂಗಳ ಸಾಕು ಎಂಬುದೇ ನನ್ನ ನಿಲುವು. ಕೊನೆಯ ಬಣ್ಣ ಮತ್ತು ಕ್ಲಿಯರ್ ಅಲ್ಲಿ ಬೇಡವೆಂದು ನಾನು ಪಟ್ಟು ಹಿಡಿದೆ. ಈಗಿನ ಎರಡು ಘಟಕದ ಕ್ಲಿಯರ್ ಕೋಟಿನ ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಸೂಕ್ಷ್ಮ ಹನಿಗಳನ್ನು ಉಸಿರಾಡಿದವರಲ್ಲಿ ಕೆಲವರಿಗೆ ಶಾಶ್ವತ ಅಸ್ತಮಾ ಹತ್ತುತ್ತದೆ, ಒಮ್ಮೆ ದೇಹ ಅದಕ್ಕೆ ಒಗ್ಗದಂತಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸಬಲ್ಲದು. ಅಪಾಯದ ಮಟ್ಟ ತಲುಪಿದರೂ ವಾಸನೆ ಬರುವುದಿಲ್ಲ, ಆದ್ದರಿಂದ ಇದ್ದಿಲು ಡಬ್ಬಿಯ ಮುಖಗವಸು ಯಾವಾಗ ಸೋತಿತೆಂದು ಧರಿಸಿದವನಿಗೆ ತಿಳಿಯದು. ಶುದ್ಧ ಗಾಳಿಯನ್ನು ಬೇರೆ ಕೊಳವೆಯಿಂದ ಪೂರೈಸುವ ಮುಸುಕೇ ಸರಿಯಾದ ರಕ್ಷಣೆ. ಆ ಮುಸುಕು ಬಣ್ಣ ಹೊಡೆಯುವವನನ್ನು ಕಾಪಾಡುತ್ತದೆ, ಗೋಡೆಯಾಚೆ ಆಡುವ ನೆರೆಮನೆಯ ಮಕ್ಕಳನ್ನು ಕಾಪಾಡುವುದಿಲ್ಲ. ನಾವು ಅಂಗಳದಲ್ಲಿ ಬಳಸಿದ ಎಪಾಕ್ಸಿ ಪ್ರೈಮರ್‌ನ ಹಾರ್ಡ್ನರ್ ಐಸೊಸಯನೇಟ್ ಇಲ್ಲದ ಅಮೀನ್ ವರ್ಗದ್ದಾಗಿದ್ದರಿಂದ ಅದಕ್ಕೆ ಕೈಗವಸು ಮತ್ತು ಸಾವಯವ ಆವಿ ತಡೆಯುವ ಮುಖಗವಸು ಸಾಕಾಯಿತು. ಬೇಗ ಒಣಗುವ ಪಾಲಿಯುರೆಥೇನ್ ಪ್ರೈಮರ್ ಅಂಗಡಿಯಲ್ಲಿ ಸಿಗುತ್ತಿತ್ತು, ಅದರಲ್ಲೂ ಐಸೊಸಯನೇಟ್ ಇದ್ದುದರಿಂದ ಬೇಡವೆಂದೆ.

ಪ್ರೈಮರ್ ಗಟ್ಟಿಯಾದ ಮೇಲೆ ತೆಳ್ಳಗೆ ಕಪ್ಪು ಪುಡಿ ಬಣ್ಣ ಎರಚಿ 400ರಿಂದ ಉಜ್ಜಿದೆವು. ಕಪ್ಪು ಉಳಿದಲ್ಲಿ ತಗ್ಗಿದೆಯೆಂದು ಅರ್ಥ, ಅಂಥ ಜಾಗ ಮೂರ್ನಾಲ್ಕು ಸಿಕ್ಕವು. ನಂತರ ಚಾಲಕನ ಸೀಟನ್ನು ಮಾತ್ರ ತಾತ್ಕಾಲಿಕವಾಗಿ ಕೂರಿಸಿ ಕಾರನ್ನು ಹುಮನಾಬಾದ್ ರಸ್ತೆಯ ಕಡೆಯ ಒಂದು ಕಾರ್ಯಾಗಾರದ ಬೂತಿಗೆ, ಅಂದರೆ ಬಣ್ಣ ಹೊಡೆಯುವ ಮುಚ್ಚಿದ ಕೋಣೆಗೆ, ಒಯ್ಯಲಾಯಿತು. ಅಲ್ಲಿ 600ರಿಂದ ಕೊನೆಯ ಉಜ್ಜಾಟ ಮಾಡಿ, ಒರೆಸಿ, ಮುಚ್ಚಿ, ಬಣ್ಣ ಹೊಡೆಸಿದೆವು.

ಬೆಳ್ಳಿ ಬಣ್ಣದ ಕಷ್ಟವನ್ನು ಬಿಡಿಸಿ ಹೇಳಬೇಕು. ಅದರಲ್ಲಿರುವ ಅಲ್ಯೂಮಿನಿಯಂ ಚೂರುಗಳು ಹಸಿಯಾಗಿ ಬಿದ್ದರೆ ಕೆಳಗಿಳಿದು ಬಣ್ಣ ಗಾಢವಾಗುತ್ತದೆ, ಒಣಗಿ ಬಿದ್ದರೆ ಮೇಲೆಯೇ ಉಳಿದು ತಿಳಿಯಾಗುತ್ತದೆ. ಒಂದೇ ಡಬ್ಬಿಯ ಬಣ್ಣ ಇಬ್ಬರ ಕೈಯಲ್ಲಿ ಎರಡು ಬಣ್ಣವಾಗುವುದು ಇದರಿಂದಲೇ. ಕೈ ವೇಗ ತಪ್ಪಿದರೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಬಣ್ಣದ ಸಂಕೇತ ಹೇಳಿ ಬೆರೆಸಿ ತಂದರೂ ಮೊದಲು ಒಂದು ಹಾಳೆಯ ಮೇಲೆ ಹೊಡೆದು, ಅದಕ್ಕೆ ಕ್ಲಿಯರನ್ನೂ ಕೊಟ್ಟು, ಬಿಸಿಲಿನಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿಯ ಹಳೆಯ ಬಣ್ಣದೊಂದಿಗೆ ಹೋಲಿಸಿ ಒಪ್ಪಿದೆವು. ಬೇಸ್ ಕೋಟಿನ ಕೊನೆಯ ಸುತ್ತನ್ನು ಗನ್ ಸ್ವಲ್ಪ ದೂರ ಹಿಡಿದು ಮಂಜಿನಂತೆ ಹರಡಿಸಿದ್ದರಿಂದ ಚೂರುಗಳು ಸಮನಾಗಿ ಕೂತವು. ಪ್ಲಾಸ್ಟಿಕ್ ಬಂಪರುಗಳಿಗೆ ಮೊದಲು ಅಂಟು ಹೆಚ್ಚಿಸುವ ದ್ರವ ಬೇಕಿತ್ತು, ಅದಿಲ್ಲದೆ ಪಾಲಿಪ್ರೊಪಿಲೀನ್ ಮೇಲೆ ಬಣ್ಣ ನಿಲ್ಲುವುದಿಲ್ಲ. ಕ್ಲಿಯರ್ ಎರಡು ಸುತ್ತು ಬಿದ್ದ ಮೇಲೆ ಬೂತಿನಲ್ಲಿ ಸುಮಾರು 60 ಡಿಗ್ರಿಯಲ್ಲಿ ಕಾಯಿಸಲಾಯಿತು.

ಒಳಾಂಗಣ

ಮೇಲ್ಛಾವಣಿಯ ಬಟ್ಟೆ ಜೋತುಬಿದ್ದು ಹಿಂದೆ ಕೂತವರ ತಲೆಗೆ ತಾಗುತ್ತಿತ್ತು. ಬಟ್ಟೆಯ ಹಿಂದಿನ ಸ್ಪಂಜು ಶಾಖಕ್ಕೆ ಪುಡಿಯಾಗಿತ್ತು, ಬಟ್ಟೆ ಕಿತ್ತಾಗ ಹಲಗೆಯ ಮೇಲೆ ಕಂದು ಪುಡಿ ಉಳಿಯಿತು. ಅದನ್ನು ಮೃದು ಬ್ರಷ್‌ನಿಂದ ಪೂರ್ತಿ ತೆಗೆಯದೆ ಅಂಟು ಹಚ್ಚಿದರೆ ಹೊಸ ಬಟ್ಟೆ ಆ ಪುಡಿಗೆ ಅಂಟಿಕೊಂಡು ಮುಂದಿನ ಮೇ ತಿಂಗಳಲ್ಲಿ ಮತ್ತೆ ಜೋಲುತ್ತದೆ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ಮೀರಬಹುದಾದ್ದರಿಂದ ಸಾಮಾನ್ಯ ಅಂಟು ಮೆತ್ತಗಾಗಿ ಜಾರುತ್ತದೆ, ಶಾಖ ತಡೆಯುವ ಸಿಂಥೆಟಿಕ್ ರಬ್ಬರ್ ಅಂಟು ಬೇಕು. ಎರಡೂ ಮೈಗೆ ಹಚ್ಚಿ, ಬೆರಳಿಗೆ ಎಳೆ ಹತ್ತದಷ್ಟು ಒಣಗಲು ಬಿಟ್ಟು, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋದೆವು.

ಸೀಟುಗಳಿಗೆ ಕಪ್ಪು ರೆಕ್ಸಿನ್ ಹಾಕಿಸುವಂತೆ ಎಲ್ಲರೂ ಹೇಳುತ್ತಿದ್ದರು. ನಮ್ಮ ಬೇಸಿಗೆಗೆ ಅದು ಅನ್ಯಾಯ. ಬಿಸಿಲಿಗೆ ಅದು ತೊಡೆ ಸುಡುವಷ್ಟು ಕಾಯುತ್ತದೆ, ಬೆವರು ಹೀರುವುದಿಲ್ಲ, ಅದರೊಳಗಿನ ಮೃದುಕಾರಕ ಆವಿಯಾಗಿ ಗಾಜಿನ ಒಳಮೈಗೆ ಜಿಡ್ಡಿನ ಪೊರೆಯಾಗಿ ಹತ್ತುತ್ತದೆ. ತಿಳಿ ಬೂದು ಬಣ್ಣದ, ಹಿಂದೆ ತೆಳು ಸ್ಪಂಜು ಇರುವ ನೇಯ್ದ ಬಟ್ಟೆಯನ್ನು ಆರಿಸಿದೆವು. ಹಳೆಯ ಹೊದಿಕೆಯ ಹೊಲಿಗೆ ಬಿಚ್ಚಿ ಪ್ರತಿ ತುಂಡಿಗೂ ಗುರುತು ಹಾಕಿ ಅದನ್ನೇ ಅಳತೆಯಾಗಿಟ್ಟು ಕತ್ತರಿಸಿದವರು ಮನೆಯ ಹಿರಿಯ ಹೆಣ್ಣುಮಗಳು. ಕೌದಿ ಹೊಲಿದು ಪಳಗಿದ ಅವರ ಕೈಗೆ ಪದರ ಸರಿಯದಂತೆ ಹಿಡಿಯುವುದು ಹೊಸದಾಗಿರಲಿಲ್ಲ, ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗವೂ ಇದೇ. ದಪ್ಪ ಸೂಜಿ ಮತ್ತು ಪಾಲಿಯೆಸ್ಟರ್ ದಾರ ಬಳಸಿದೆವು, ಹತ್ತಿಯ ದಾರ ಬಿಸಿಲಿಗೆ ಬೇಗ ಕೊಳೆಯುತ್ತದೆ. ಪುಡಿಯಾದ ಸ್ಪಂಜಿನ ಬದಿಗೆ ಹೊಸ ತುಂಡು ಅಂಟಿಸಿದೆವು. ಸೀಟ್ ಬೆಲ್ಟುಗಳಿಗೆ ಬಣ್ಣ ಹಾಕಲಿಲ್ಲ, ಬ್ಲೀಚ್ ಮುಟ್ಟಿಸಲಿಲ್ಲ, ಏಕೆಂದರೆ ಅವು ಪಟ್ಟಿಯ ನೂಲಿನ ಬಲವನ್ನೇ ತಿನ್ನುತ್ತವೆ. ಸೌಮ್ಯ ಸಾಬೂನಿನ ನೀರಿನಲ್ಲಿ ತೊಳೆದು ನೆರಳಿಗೆ ಒಣಗಿಸಿದೆವು.

ಬಾಗಿಲಿನ ಒಳಗೆ ಸದ್ದು ತಗ್ಗಿಸುವ ಹಾಳೆ ಅಂಟಿಸುವಾಗ ಡಾಂಬರಿನದನ್ನು ಬಿಟ್ಟು ಬ್ಯುಟೈಲ್ ರಬ್ಬರಿನದನ್ನು ತಂದೆವು. ಡಾಂಬರು ಹಾಳೆ ಅಗ್ಗ, ಆದರೆ ಇಲ್ಲಿನ ಶಾಖಕ್ಕೆ ಮೆತ್ತಗಾಗಿ ಜಾರಿ ಕಾರಿನೊಳಗೆ ವಾಸನೆ ತುಂಬುತ್ತದೆ. ಬಾಗಿಲಿನ ಅಡಿಯ ನೀರಿನ ರಂಧ್ರಗಳನ್ನು ಮುಚ್ಚದಂತೆ ಎಚ್ಚರ ವಹಿಸಿದೆವು. ಹೊಸ ಕಂಬಳಿ ಹಾಸುವ ಮುನ್ನ ಎಸಿ ಕೊಳವೆಯನ್ನು ಬಿಚ್ಚಿ ತೊಳೆದು, ತಂಪು ಸುರುಳಿಯ ಪೆಟ್ಟಿಗೆಗೆ ನೀರು ಸುರಿದು ಅದು ಕಾರಿನ ಕೆಳಗೆ ಧಾರೆಯಾಗಿ ಬೀಳುವುದನ್ನು ಕಣ್ಣಾರೆ ನೋಡಿದೆವು.

ಒಂದು ಮಳೆಗಾಲದ ನಂತರ

ಮಳೆಗಾಲ ಕಳೆದ ಮೇಲೆ ಕಾರನ್ನು ಮತ್ತೆ ಪರೀಕ್ಷಿಸಿದೆ. ಬಾನೆಟ್, ಮೇಲ್ಛಾವಣಿ, ಬಾಗಿಲುಗಳಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಎಡಭಾಗದ ಕಂಬಳಿಯ ಅಡಿ ಒಣಗಿತ್ತು, ಮೇಲ್ಛಾವಣಿಯ ಬಟ್ಟೆ ಬೇಸಿಗೆಯನ್ನು ತಡೆದು ಬಿಗಿಯಾಗಿಯೇ ಇತ್ತು. ಹಿಂಬಾಗಿಲನ್ನು ಓರೆಯಿಂದ ನೋಡಿದರೆ ಪಕ್ಕದ ಭಾಗಕ್ಕಿಂತ ಒಂದು ಛಾಯೆ ತಿಳಿಯಾಗಿ ಕಾಣುತ್ತದೆ. ನೇರ ನಿಂತು ನೋಡಿದವರಿಗೆ ಅದು ತಿಳಿಯದು, ಮಾಲೀಕರು ಅದನ್ನು ಹಾಗೆಯೇ ಬಿಟ್ಟಿದ್ದಾರೆ.

ಜಂಗು ಮರಳಿದ್ದು ಹಿಂದಿನ ಎಡ ಚಕ್ರದ ಕಮಾನಿನ ಅಂಚಿನಲ್ಲಿ. ಬಣ್ಣದ ಕೆಳಗಿನಿಂದ ಎರಡು ಕಡೆ ಉಬ್ಬು ಎದ್ದಿತ್ತು. ಅಲ್ಲಿ ಎರಡು ತಗಡುಗಳು ಒಂದರ ಮೇಲೊಂದು ಮಡಿಚಿ ಬೆಸೆದುಕೊಂಡಿವೆ, ಅವುಗಳ ನಡುವಿನ ಜಂಗಿಗೆ ಬ್ರಷ್ಷಾಗಲಿ ಜಂಗುನಾಶಕವಾಗಲಿ ತಲುಪಲಾರದು. ಹೊರಗಿನಿಂದ ಎಷ್ಟು ಪದರ ಬಣ್ಣ ಕೊಟ್ಟರೂ ಅದು ಒಳಗಿನಿಂದ ತಿನ್ನುತ್ತಲೇ ಇರುತ್ತದೆ. ಸದ್ಯಕ್ಕೆ ಡಿಕ್ಕಿಯ ಬದಿಯಿಂದ ಉದ್ದನೆಯ ಕೊಳವೆ ತೂರಿಸಿ ಆ ಟೊಳ್ಳಿಗೆ ಮೇಣದ ದ್ರವ ಸಿಂಪಡಿಸಲಾಗಿದೆ, ಅದು ಗಾಳಿ ಮತ್ತು ತೇವವನ್ನು ತಡೆದು ಜಂಗಿನ ವೇಗ ತಗ್ಗಿಸುತ್ತದೆ. ಮುಂದಿನ ಚಳಿಗಾಲದಲ್ಲಿ ಆ ಅಂಚನ್ನು ಒಳತಗಡಿನ ಸಮೇತ ಕತ್ತರಿಸಿ ಹೊಸದನ್ನು ಬೆಸೆಯಬೇಕು. ಅಲ್ಲಿಯವರೆಗೆ ಪ್ರತಿ ಮಳೆಯ ನಂತರ ಚಕ್ರದ ಕಮಾನಿನ ಒಳಗೆ ನೀರು ಬಿಟ್ಟು ಎರೆಮಣ್ಣು ಕೂರದಂತೆ ತೊಳೆಯುವ ಕೆಲಸವನ್ನು ಮಾಲೀಕರ ಮೊಮ್ಮಗ ವಹಿಸಿಕೊಂಡಿದ್ದಾನೆ.